ಎಳೆ ಎಣಿಸಿ ಹೋದವನು

"ಅಕ್ಕಾರ, ಒಂದು ವರ್ಷ ಹೊರದೇಶದಾಗ ಓದಿದ್ರ ಇಲ್ಲಿ ಒಂದು ವರ್ಷ ಹಿಂದ ಬೀಳ್ತೀನೇನ್ರಿ?"

ಹೀಗೆ ಕೇಳಿದವಳು ನೀಲಾಂಬಿಕೆ. ನಾಲ್ಕು ವರ್ಷದ ಕೃಷಿ ಪದವಿಯಲ್ಲಿ ಎರಡು ವರ್ಷ ಮುಗಿಸಿದ್ದಳು. ಮೂರನೆಯ ವರ್ಷವನ್ನು ನಮ್ಮಲ್ಲಿ ಬಂದು ಓದು ಎಂದು ಹಾಲೆಂಡ್ ದೇಶದ ಒಂದು ವಿಶ್ವವಿದ್ಯಾಲಯ ಕರೆದಿತ್ತು. ಹೋಗಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಆದರೆ ಮನೆಯಲ್ಲಿ ತಂಗಿ ದಾನಮ್ಮ ಇದ್ದಳು. ಒಬ್ಬಳ ಓದು ಮುಗಿದ ಮೇಲೆಯೇ ಇನ್ನೊಬ್ಬಳ ಓದು ಎಂದು ತಾಯಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. ಅಕ್ಕನ ನಾಲ್ಕು ವರ್ಷ ಐದಾದರೆ ತಂಗಿ ಒಂದು ವರ್ಷ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ನೀಲಾಂಬಿಕೆಗೆ ಇದ್ದ ಭಯ ಅದೊಂದೇ.

ಅಕ್ಕನವರು ನೀಲಾಂಬಿಕೆ ಇದ್ದ ಹೆಣ್ಣುಮಕ್ಕಳ ವಸತಿನಿಲಯವನ್ನು ನಡೆಸುತ್ತಿದ್ದ ಹಿರಿಯರು. ನೇರವಾಗಿ ಉತ್ತರ ಕೊಟ್ಟರೆ ತಮ್ಮ ಹಿರಿತನಕ್ಕೆ ಕುಂದು ಎಂದುಕೊಂಡಿದ್ದರೋ ಏನೋ, ಊಟಕ್ಕೆ ಏನು ಸಾರು ಎಂದು ಕೇಳಿದರೂ ಒಂದು ಕತೆ ಹೇಳುವವರು. ನೀಲಾಂಬಿಕೆಗೆ ಅದು ಗೊತ್ತಿತ್ತು. ಅವಳು ಗೋಡೆಗೆ ಒರಗಿ ಕೂತಳು. ಅಕ್ಕನವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ. ಅವನ ಹತ್ತಿರ ಕಲಿಯಲು ಬಂದವರಿಗೆ ನಾಲ್ಕು ವರ್ಷದ ಗಡುವು. ನಾಲ್ಕನೆಯ ವರ್ಷದ ಕೊನೆಗೆ ಊರ ಹಿರಿಯರ ಮುಂದೆ ಒಂದು ಇಡೀ ಸೀರೆ ನೇಯ್ದು ತೋರಿಸಬೇಕು. ತೋರಿಸಿದವನಿಗೆ ಸ್ವಂತ ಮಗ್ಗ. ಅವನು ಕೂತ ಜಾಗದಲ್ಲಿ ಹೊಸಬನೊಬ್ಬ ಬಂದು ಕೂರುತ್ತಾನೆ. ತೋರಿಸಲಾಗದವನು ಅಲ್ಲೇ ಉಳಿಯುತ್ತಾನೆ, ಬರಬೇಕಾದ ಹೊಸಬ ಬಾಗಿಲಲ್ಲೇ ನಿಲ್ಲುತ್ತಾನೆ.

ಆ ಊರಿನ ಸೀರೆಗೆ ಒಂದು ರೀತಿ ಇತ್ತು. ಸೀರೆಯ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎಂದು ಹೆಸರು. ಬೇರೆ ಊರುಗಳಲ್ಲಿ ಇಡೀ ಸೀರೆಗೆ ಒಂದೇ ಹಾಸು. ಇಲ್ಲಿ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಬೇರೆ ಬೇರೆ ಸಿದ್ಧಮಾಡಿ, ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಸೇರಿಸುತ್ತಿದ್ದರು. ಆಮೇಲೆಯೇ ನೇಯ್ಗೆ.

ಸಮುದ್ರದ ಆಚೆ ಒಂದು ದೇಶ. ಅಲ್ಲಿ ನೇಯುವುದಕ್ಕೆ ಮೊದಲೇ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಚಿತ್ತಾರವನ್ನು ಎಳೆಯಲ್ಲೇ ಕೂರಿಸುವ ವಿದ್ಯೆ ಇತ್ತು. ಒಮ್ಮೆ ಈ ನೇಕಾರನ ಶಿಷ್ಯನೊಬ್ಬ ಅದನ್ನು ಕಲಿಯಲು ಹೋದ. ಜಾಣ. ವರ್ಷ ತುಂಬಿದಾಗ ತಾನೇ ಬಣ್ಣ ಕಟ್ಟಿದ ಸೆರಗಿನ ಹಾಸನ್ನು ಹೊತ್ತು ಬಂದ. ಊರಿಗೆ ಊರೇ ನೋಡಲು ನೆರೆಯಿತು. ಅಂಥ ಚಿತ್ತಾರವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಒಡಲಿಗೆ ಸೇರಿಸಲು ಕೂತಾಗ ಸೆರಗಿನ ಕಡೆ ಸುಮಾರು ಆರುನೂರು ಎಳೆ ಹೆಚ್ಚಾಗಿದ್ದವು. ಆ ದೇಶದ ಮಗ್ಗ ಅಗಲವಾದದ್ದು, ಅವನು ಅಲ್ಲಿಯವರಂತೆಯೇ ಕಟ್ಟಿದ್ದ. ಹೆಚ್ಚಾದದ್ದನ್ನು ಕತ್ತರಿಸಿದರೆ ಚಿತ್ತಾರ ಅರ್ಧಕ್ಕೆ ನಿಲ್ಲುತ್ತದೆ, ಬಿಟ್ಟರೆ ಸೀರೆ ಆಗುವುದಿಲ್ಲ. ಆ ಹಾಸು ಗೋಡೆಯ ಗೂಟಕ್ಕೆ ಹೋಯಿತು. ಅವನು ತನಗಿಂತ ಒಂದು ವರ್ಷ ಹಿಂದಿನವರ ಸಾಲಿಗೆ ಹೋಗಿ ಕೂತ.

ಊರಿನ ಜನ ತಮಗೆ ತಿಳಿದಷ್ಟು ಪಾಠ ಕಲಿತರು. ಹೊರಗೆ ಹೋದವನಿಗೆ ಒಂದು ವರ್ಷ ದಂಡ ಎಂದು ಮಾತಾಡಿಕೊಂಡರು. ಆಮೇಲೆ ಬಹಳ ವರ್ಷ ಯಾರೂ ಹೋಗಲಿಲ್ಲ.

ಹೀಗಿರುವಾಗ ಮೂರು ವರ್ಷ ಮುಗಿಸಿದ ಇನ್ನೊಬ್ಬ ಶಿಷ್ಯನಿಗೆ ಹೋಗುವ ಮನಸ್ಸಾಯಿತು. ಇವನು ಅಂಥ ಜಾಣನಲ್ಲ, ಸ್ವಲ್ಪ ಪುಕ್ಕಲ. ಗಡುವು ತಪ್ಪೀತೆಂಬ ಹೆದರಿಕೆಯಲ್ಲಿ ನಾಲ್ಕು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಐದನೆಯ ದಿನ ನೇಕಾರನ ಮುಂದೆ ಹೋಗಿ ನಿಂತ. ಆಶೀರ್ವಾದ ಕೇಳಲು ಬಂದಿದ್ದಾನೆಂದು ನೇಕಾರ ಕೈ ಎತ್ತಿದ.

"ನಾನು ತಿರುಗಿ ಬರೋ ದಿನ ಮಗ್ಗದ ಮ್ಯಾಲೆ ಎಷ್ಟು ಎಳಿ ಇರ್ತಾವ್ರಿ?" ಎಂದ ಶಿಷ್ಯ.

ಎತ್ತಿದ ಕೈ ಅಲ್ಲೇ ನಿಂತಿತು. "ಎಷ್ಟಿರಬೇಕೋ ಅಷ್ಟು," ಎಂದ ನೇಕಾರ.

"ಅಷ್ಟು ಅಂದ್ರ ಎಷ್ಟ್ರಿ?"

ನೇಕಾರನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಉತ್ತರ ಗೊತ್ತಿಲ್ಲದ್ದಕ್ಕೆ. ನಲವತ್ತು ವರ್ಷ ಹಾಸು ಹೂಡಿದ್ದರೂ ಅವನು ಎಣಿಸಿದವನಲ್ಲ. ಎಷ್ಟು ಎಂಬುದು ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಗೊಣಗುತ್ತಲೇ ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಎಣಿಸತೊಡಗಿದ. ಮೊದಲ ಸಲ ಇಬ್ಬರ ಎಣಿಕೆಯೂ ಬೇರೆ ಬೇರೆ ಬಂತು. ಮತ್ತೆ ಎಣಿಸಿದರು. ಸಂಜೆಯ ಹೊತ್ತಿಗೆ ಇಬ್ಬರೂ ಒಂದೇ ಸಂಖ್ಯೆಗೆ ಬಂದರು: ಎರಡು ಸಾವಿರದ ನಾನೂರ ಹದಿನಾರು.

"ಹೋಗಿ ಬಾ," ಎಂದ ನೇಕಾರ. "ನೀ ಬರೂತನಕ ನಾನೂ ಒಂದು ಎಳಿ ಹೆಚ್ಚುಕಡಿಮಿ ಮಾಡಂಗಿಲ್ಲ."

ಶಿಷ್ಯ ಹೋದ. ಆ ದೇಶದಲ್ಲಿ ಎಲ್ಲವೂ ಹೊಸದು. ಬಣ್ಣ ಹೊಸದು, ಗಂಟು ಹೊಸದು, ಗಂಜಿಯ ರುಚಿಯೂ ಹೊಸದು. ಮೊದಲ ತಿಂಗಳು ಮನೆಯ ನೆನಪಾಗಿ ಅತ್ತ. ಎರಡನೆಯ ತಿಂಗಳು ಅಳಲು ಪುರಸೊತ್ತಾಗಲಿಲ್ಲ. ಅಲ್ಲಿಯ ಗುರು ಅವನಿಗೆ ಮೂರು ಸಾವಿರ ಎಳೆ ಕೊಟ್ಟು, ಎಲ್ಲರಂತೆ ಕಟ್ಟು ಎಂದ. ಇವನು ಹೆದರುತ್ತಲೇ ತನ್ನ ಸಂಖ್ಯೆ ಹೇಳಿದ. ಅಲ್ಲಿಯ ಗುರು ನಕ್ಕ. ನಮ್ಮ ಚಿತ್ತಾರ ನಿನ್ನ ಅಗಲಕ್ಕೆ ಕೂರುವುದಿಲ್ಲ, ಕೂರಿಸಬೇಕಾದರೆ ಮೊದಲಿನಿಂದ ನೀನೇ ಬರೆಯಬೇಕು ಎಂದ.

ಇವನು ಬರೆದ. ಯಾವ ಹೂವು ಸಣ್ಣದಾಗಬೇಕು, ಯಾವ ಬಳ್ಳಿ ಎಲ್ಲಿ ತಿರುಗಬೇಕು, ಯಾವುದನ್ನು ಬಿಟ್ಟರೂ ಚಿತ್ತಾರ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಸಾಯುತ್ತದೆ ಎಂದು ಒಂದೊಂದನ್ನೂ ಕೇಳಿ ಕೇಳಿ ಅಲ್ಲಿಯವರ ತಲೆ ತಿಂದ. ಜೊತೆಯವರು ಮೂರು ಹಾಸು ಕಟ್ಟುವಷ್ಟರಲ್ಲಿ ಇವನದು ಒಂದಾಯಿತು. ಆದರೆ ಜೊತೆಯವರಿಗೆ ಕಟ್ಟಲು ಬರುತ್ತಿತ್ತು, ಇವನಿಗೆ ಏಕೆ ಹಾಗೆ ಕಟ್ಟುತ್ತಾರೆಂಬುದೂ ಗೊತ್ತಾಗಿತ್ತು. ಅಲ್ಲಿಯ ಗುರುವಿಗೆ ಇವನನ್ನು ಕಳಿಸಲು ಮನಸ್ಸಿರಲಿಲ್ಲ. ಇನ್ನೊಂದು ವರ್ಷ ಇರು ಎಂದ. ಇವನಿಗೂ ಇರುವ ಆಸೆಯಾಯಿತು, ಬಹಳವೇ ಆಯಿತು. ಆದರೆ ಊರಿನ ಬಾಗಿಲಲ್ಲಿ ನಿಲ್ಲುವ ಹೊಸಬ ಕಣ್ಣಿಗೆ ಬಂದ. ನಮಸ್ಕಾರ ಮಾಡಿ ಹೊರಟ.

ಹಿರಿಯರು ಸೇರುವುದಕ್ಕೆ ಇನ್ನೂ ಹದಿನೈದು ದಿನವಿದ್ದಾಗ ಊರು ತಲುಪಿದ. ನೇಕಾರನ ಹೆಂಡತಿ ಮತ್ತು ಸೊಸೆ ಕೊಂಡಿ ಹಾಕಲು ಕೂತರು. ಆ ಊರಿನಲ್ಲಿ ಅದು ಹೆಂಗಸರ ಕೈಯ ಕೆಲಸ. ಹಳೆಯ ಕತೆ ನೆನಪಿದ್ದವರೆಲ್ಲ ಬಂದು ಸುತ್ತ ನಿಂತರು. ಕೆಲವರಿಗೆ ಈ ಸಲವೂ ಗೂಟವೇ ಗತಿ ಎಂಬ ಖಾತ್ರಿ ಇತ್ತು. ಶಿಷ್ಯ ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದ. ಸಾವಿರ ದಾಟಿತು, ಎರಡು ಸಾವಿರ ದಾಟಿತು. ಕೊನೆಯ ಹದಿನಾರಕ್ಕೆ ಬಂದಾಗ ಯಾರೂ ಕೆಮ್ಮಲಿಲ್ಲ. ಕೊನೆಯ ಕೊಂಡಿ ಬಿತ್ತು. ಒಡಲಿನ ಕಡೆ ಒಂದು ಎಳೆಯೂ ಉಳಿಯಲಿಲ್ಲ, ಸೆರಗಿನ ಕಡೆಯೂ ಒಂದು ಎಳೆ ಉಳಿಯಲಿಲ್ಲ. ಸೊಸೆ ಹಿತ್ತಲಿಗೆ ಹೋಗಿ, ಬಾ, ಬಂದು ಊಟ ಮಾಡು ಎಂದಳು.

ಹಿರಿಯರ ಮುಂದೆ ಸೀರೆ ಮುಗಿಯಿತು. ಅವರು ಒಡಲು ಸೆರಗು ಕೂಡಿದ ಜಾಗದ ಮೇಲೆ ಬೆರಳಾಡಿಸಿ ನೋಡಿದರು, ಮಗ್ಗ ಕೊಟ್ಟರು. ಅವನ ಜಾಗದಲ್ಲಿ ಅದೇ ವಾರ ಹೊಸಬ ಬಂದು ಕೂತ.

ಅಕ್ಕನವರ ಕತೆ ಇಲ್ಲಿಗೆ ಮುಗಿಯಿತು.

ನೀಲಾಂಬಿಕೆಯ ಮುಖ ಅರಳಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳು ಎದ್ದು ನಿಂತಳು. "ಎಲ್ಲಾರೂ ಒಂದು ವರ್ಷ ಹೋತು ಅಂತ ತಿಳಕೋ ಅಂದ್ರು, ಅಕ್ಕಾರ. ಅವ್ವ ಅಂದ್ಲು, ಮಾವ ಅಂದ, ನನ್ನ ಕೋಣಿ ಹುಡುಗ್ಯಾರೂ ಅಂದ್ರು. ನೀವೊಬ್ಬರೇ ನೋಡ್ರಿ, ಆಗ್ತದ ಅಂದವರು."

"ಇಷ್ಟು ಮಂದೀನ ಕೇಳಿದಿ," ಎಂದರು ಅಕ್ಕನವರು. "ಎಳಿ ಎಷ್ಟು ಬೇಕು, ಅಲ್ಲಿ ಓದಿದ ಯಾವ ವಿಷಯ ಇಲ್ಲಿ ಲೆಕ್ಕಕ್ಕ ಬರ್ತದಂತ ನಿನ್ನ ಕಾಲೇಜಿನವರನ್ನ ಕೇಳಿದೇನು?"

ಎದ್ದು ನಿಂತಿದ್ದ ನೀಲಾಂಬಿಕೆ ಮತ್ತೆ ಕೂತಳು.