ಬಂದೂಕಿ ಕಲ್ಲು

ತೊರೆಬೈಲಿನ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ನೀರು ಇಳಿದ ಹೊತ್ತಿಗೆ ಮಾತ್ರ ತಲೆ ಎತ್ತುವ ಕರಿಬಂಡೆಯೊಂದಿದೆ. ಅದನ್ನು ಬಂದೂಕಿ ಕಲ್ಲು ಎನ್ನುತ್ತಾರೆ. ನೋಡಲು ಬಂದವರು ಅದರಲ್ಲಿ ಕೋವಿಯ ಆಕಾರ ಹುಡುಕುತ್ತಾರೆ. ಒಬ್ಬಿಬ್ಬರಿಗೆ ಕಂಡೂ ಬಿಡುತ್ತದೆ. ಕಾಣಲೇಬೇಕೆಂದು ಹೊರಟವನಿಗೆ ಹೋಳಿಗೆಯಲ್ಲೂ ಕೋವಿ ಕಂಡೀತು, ಬಿಡಿ. ಆದರೆ ಊರ ಹಳಬರು ಹೇಳುವುದೇ ಬೇರೆ. ಅದು ಒಬ್ಬ ಮನುಷ್ಯನನ್ನು ಕರೆದ ಮಾತು, ಆ ಮಾತೇ ಅವನನ್ನು ತಿಂದಿತು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ದಂಡೆಗೆ ಅರಬರ ಹಡಗುಗಳು ಮೆಣಸಿಗಾಗಿ ಬರುತ್ತಿದ್ದ ಕಾಲದಲ್ಲಿ, ಹೊಳೆ ದಾಟಿಸುವ ಕಡವಿನ ದೋಣಿ ಜಟ್ಟಿ ಅಂಬಿಗನದಾಗಿತ್ತು. ಒಂದು ಹಡಗಿನವರು ಜ್ವರದಲ್ಲಿ ಬೇಯುತ್ತಿದ್ದ ಬಿಳಿಯನೊಬ್ಬನನ್ನು ತಂದು ಅವನ ಜಗಲಿಯಲ್ಲಿ ಮಲಗಿಸಿ, ಮರಳಿ ಬರುವಾಗ ಕರೆದೊಯ್ಯುತ್ತೇವೆ ಎಂದು ಕೈಸನ್ನೆ ಮಾಡಿ ಹೋದರು. ಇವನಾರು ಎಂದು ಜಟ್ಟಿ ಕೇಳಿದ್ದಕ್ಕೆ 'ಬುಂದುಕಿ' ಎಂದಿದ್ದರು. ಜಟ್ಟಿಯ ನಾಲಗೆಯಲ್ಲಿ ಅದು ಬಂದೂಕಿಯಾಯಿತು. ಅವನ ಹೆಂಡತಿ ಮಾಸ್ತಿ ಆ ಪರದೇಶಿಗೆ ಇಪ್ಪತ್ತು ದಿನ ಗಂಜಿ ಕುಡಿಸಿದಳು. ಎದ್ದು ಕೂತವನು ತನ್ನ ಗಂಟಿನಲ್ಲಿದ್ದ ಗಾಜಿನ ಮಣಿಗಳನ್ನು ಪೋಣಿಸಿ ಅವರ ಮಗಳ ಕೊರಳಿಗೆ ಹಾಕಿದನು. ಆ ಗಂಟಿನಲ್ಲಿ ಮಣಿಯ ಹೊರತು ಮತ್ತೇನೂ ಇರಲಿಲ್ಲ. ಬಂದೂಕಿ ಎಂದು ಕರೆದರೆ ಓಗೊಡುತ್ತಿದ್ದನು, ಮಾರಾಯ, ನಗುನಗುತ್ತ ಓಗೊಡುತ್ತಿದ್ದನು.

ಅದೇ ತಿಂಗಳು ಕಡಲಿನಿಂದ ಬಂದ ಬಿಳಿಯರು, ಫಿರಂಗಿಗಳೆಂಬವರು, ಪಕ್ಕದ ಕೇರಿಯನ್ನು ಸುಟ್ಟರು. ಅವರ ಕೈಯಲ್ಲಿದ್ದ ಬೆಂಕಿಕೊಳವೆಗೆ ಬಂದೂಕು ಎಂಬ ಹೆಸರು ದಂಡೆಗೆ ಆಗಷ್ಟೇ ಹಬ್ಬಿತ್ತು. ಹಗಲೆಲ್ಲ ನೀರಿನ ಮೇಲೇ ಇರುತ್ತಿದ್ದ ಜಟ್ಟಿಯ ಕಿವಿಗೆ ಅದಿನ್ನೂ ಬಿದ್ದಿರಲಿಲ್ಲ. ಠಾಣೆಯ ನಾಯಕನ ತಮ್ಮ ಆ ಬೆಂಕಿಗೇ ಸತ್ತಿದ್ದನು. ಬಿಳಿಯನೊಬ್ಬ ಕಡವಿನಲ್ಲಿದ್ದಾನೆಂದು ಕೇಳಿ ನಾಯಕನು ಹತ್ತು ಜನರೊಡನೆ ಜಗಲಿಯ ಮುಂದೆ ಬಂದು ನಿಂತನು.

"ಯಾರೋ ಇವನು?"

"ಬಂದೂಕಿ, ಒಡೆಯಾ," ಎಂದನು ಜಟ್ಟಿ. ದೂರದವನ ಗುರುತು ತನಗೊಬ್ಬನಿಗೇ ಗೊತ್ತೆಂಬ ಹೆಮ್ಮೆ ಅವನಿಗೆ.

ನಾಯಕನ ಮುಖ ಕಪ್ಪಿಟ್ಟಿತು. ಬಿಳಿಯನ ಕಡೆ ಬೆರಳು ತೋರಿಸಿ, "ನೀನು ಬಂದೂಕಿಯೋ?" ಎಂದು ಕೇಳಿದನು. ತನ್ನ ಊರು ಕೇಳುತ್ತಿದ್ದಾರೆಂದು ತಿಳಿದ ಆ ಬಡಪಾಯಿ ಎದೆ ತಟ್ಟಿಕೊಂಡು, "ಬುಂದುಕಿ, ಬುಂದುಕಿ" ಎಂದನು. ವಿಧಿಯ ಬಾಯಿಗೆ ತಾನೇ ತುತ್ತಾಗುವುದೆಂದರೆ ಇದೇ. ಹಗ್ಗ ಬಿಗಿದಾಗ ಜಟ್ಟಿ ನಾಯಕನ ಕಾಲು ಹಿಡಿದು, ಇವನ ಹತ್ತಿರ ಒಂದು ಚೂರಿಯೂ ಇಲ್ಲ ಎಂದು ಬೇಡಿಕೊಂಡನು. "ಹಾವಿನ ಹಲ್ಲು ಕಚ್ಚುವ ಮೊದಲು ಕಾಣುತ್ತದೇನೋ? ಇವನನ್ನು ಬಂಡೆಗೆ ಕಟ್ಟಬೇಕು. ದೋಣಿ ನೀನೇ ನಡೆಸು. ಇಲ್ಲವಾದರೆ ನಿನ್ನನ್ನೂ ಅಲ್ಲಿಯೇ ಕಟ್ಟುತ್ತೇನೆ," ಎಂದನು ನಾಯಕ. ಜಟ್ಟಿ ಹೆಂಡತಿಯ ಮುಖ ನೋಡಿದನು, ಮಗಳ ಮುಖ ನೋಡಿದನು, ಹುಟ್ಟು ಎತ್ತಿಕೊಂಡನು.

ಭಟರು ಆ ಬಿಳಿಯನನ್ನು ಬಂಡೆಗೆ ಬಿಗಿದು ದೋಣಿಗೆ ಮರಳಿದರು. ಉಬ್ಬರ ಏರತೊಡಗಿತ್ತು. ಆ ಮನುಷ್ಯನು ನಾಯಕನನ್ನಾಗಲೀ ಭಟರನ್ನಾಗಲೀ ನೋಡದೆ, ಜಟ್ಟಿಯನ್ನೇ ನೋಡುತ್ತ "ವಿಯೇನಿ, ವಿಯೇನಿ" ಎಂದು ಕೂಗಿದನು. ಏನೋ ಶಾಪ ಹಾಕುತ್ತಿದ್ದಾನೆಂದುಕೊಂಡ ಜಟ್ಟಿ ತಲೆ ತಗ್ಗಿಸಿ ಹುಟ್ಟು ಹಾಕಿದನು. ನೀರು ಬಾಯಿಗೆ ಬರುವವರೆಗೂ ಆ ಕೂಗು ದಡಕ್ಕೆ ಕೇಳುತ್ತಲೇ ಇತ್ತು.

ಎರಡು ತಿಂಗಳಿಗೆ ಅರಬರ ಹಡಗು ಮರಳಿತು. ಅದರ ಯಜಮಾನನಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. ನಡೆದದ್ದನ್ನು ಅವನು ಜಟ್ಟಿಯ ಬಾಯಿಂದಲೇ ಕೇಳಿದನು. ನೀರಿನ ಮೇಲೆ ಕಟ್ಟಿದ ಒಂದು ಪಟ್ಟಣವಿದೆ, ನಮ್ಮವರು ಅದನ್ನು ಬುಂದುಕಿಯಾ ಎನ್ನುತ್ತೇವೆ, ಅಲ್ಲಿಯವನು ಬುಂದುಕಿ, ಅಷ್ಟೇ ಎಂದನು. ಕೋವಿಯ ಹೆಸರೂ ಆ ಪಟ್ಟಣದಿಂದಲೇ ಬಂತೆಂದು ಕೆಲವರು, ಬುಂದುಕ ಎಂಬ ಕಾಯಿಯಷ್ಟು ದಪ್ಪದ ಗುಂಡಿನಿಂದ ಬಂತೆಂದು ಕೆಲವರು ಹೇಳುತ್ತಾರಂತೆ. ಅಲ್ಲಿಯವರು ಮಾತ್ರ ತಮ್ಮ ಊರನ್ನು ವೆನೇಸಿಯ ಎನ್ನುವರು, 'ಇನ್ನೊಮ್ಮೆ ಬಾ' ಎಂದು ಅದಕ್ಕೆ ಅರ್ಥ ಹೇಳುವರು ಎಂದನು.

ಜಟ್ಟಿ ಬಂಡೆಯ ಕಡೆ ತಿರುಗಿದನು. "ಯಜಮಾನರೇ, ವಿಯೇನಿ ಅಂದರೇನು?" ಎಂದು ಕೇಳಿದನು.

"ಬಾ," ಎಂದನು ಯಜಮಾನ.

ಶಾಪವಲ್ಲ. ಕರೆದದ್ದು. ಗಂಜಿ ಕೊಟ್ಟವನು ಬಂದು ಬಿಡಿಸುತ್ತಾನೆಂದು ನಂಬಿ, ಉಸಿರಿರುವವರೆಗೂ ಕರೆದದ್ದು. ಮರುದಿನ ನೀರಿಳಿದಾಗ ಜಟ್ಟಿ ಒಬ್ಬನೇ ದೋಣಿ ತೆಗೆದುಕೊಂಡು ಆ ಕಲ್ಲಿನವರೆಗೆ ಹೋಗಿ ಬಂದನು. ಅದರ ಮರುದಿನವೂ ಹೋದನು. ಸಾಯುವವರೆಗೂ ತಪ್ಪಿಸಲಿಲ್ಲ ಎನ್ನುತ್ತಾರೆ.

ಇಂದು ಅಳಿವೆಗೆ ಸೇತುವೆಯಾಗಿದೆ, ಕಡವಿಗೆ ಕೆಲಸವಿಲ್ಲ. ಆದರೂ ಉಬ್ಬರ ಏರುವ ಹೊತ್ತಿಗೆ ಸೇತುವೆಯ ಮೇಲೆ ನಿಂತವರಿಗೆ ದಾಟುವವರಿಲ್ಲದ ಒಂದು ದೋಣಿ ಕಾಣುತ್ತದೆ. ಅಂಬಿಗರ ಮನೆಯವನೊಬ್ಬ ಬಂಡೆಯವರೆಗೆ ಹೋಗಿ, ಹುಟ್ಟಿನಿಂದ ಅದನ್ನು ಮುಟ್ಟಿ, ನೀರು ಅದನ್ನು ಪೂರ್ತಿ ಮುಚ್ಚುವವರೆಗೂ ಪಕ್ಕದಲ್ಲೇ ನಿಂತಿರುತ್ತಾನೆ. ಯಾಕೆಂದು ಕೇಳಿದರೆ, "ಅವನು ಕರೆದಿದ್ದನಲ್ಲ," ಎನ್ನುತ್ತಾನೆ.