ಮೇನೆ ಹೊರುವವನ ಪದ

"ಬುದ್ಧಿ, ಮನುಷ್ಯರಲ್ಲಿ ಕರುಣೆ ಎನ್ನುವುದು ಬತ್ತಿಹೋಗುತ್ತದೆಯೇ?"

ಸಿದ್ಧಮ್ಮ ಇದನ್ನು ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಆಕೆ ಕಂಬಕ್ಕೆ ಒರಗಿರಲಿಲ್ಲ. ಜಗಲಿಯ ತುದಿಯಲ್ಲಿ, ಕುಳಿತೂ ಕೂರದ ಹಾಗೆ ಇದ್ದಳು. ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಏಳುವ ಮೊದಲು ಹಿಂತಿರುಗಬೇಕಾಗಿತ್ತು.

ನಡೆಯಲಾರದ ಮಕ್ಕಳ ವಸತಿಶಾಲೆಯಲ್ಲಿ ಆಕೆ ಆಯಾ. ಮಕ್ಕಳನ್ನು ಎತ್ತುವುದು, ಮೀಯಿಸುವುದು, ಶೌಚಕ್ಕೆ ಕರೆದೊಯ್ಯುವುದು ಆಕೆಯ ಕೆಲಸ. ಮೊದಲು ಜೊತೆಗೆ ಇನ್ನೂ ಮೂವರಿದ್ದರು. ಒಬ್ಬಳು ನಿವೃತ್ತಳಾದಳು. ಒಬ್ಬಳನ್ನು ಕಚೇರಿಯ ಕೆಲಸಕ್ಕೆ ಕರೆಸಿಕೊಂಡರು. ಇನ್ನೊಬ್ಬಳು ಸಂಬಳ ಬಾರದೆ ಬಿಟ್ಟುಹೋದಳು. ಅನುದಾನ ಬರಲಿ, ಹುದ್ದೆ ತುಂಬೋಣ ಎಂದು ಇಲಾಖೆಯವರು ಹೇಳುತ್ತಲೇ ಇದ್ದರು.

"ಇವತ್ತು ಯಾಕೆ ಈ ಪ್ರಶ್ನೆ, ತಾಯಿ?"

"ಬೆಳಿಗ್ಗೆ ಒಂದು ಮಗುವನ್ನು ಗದರಿದೆ, ಬುದ್ಧಿ. 'ಈಗ ತಾನೇ ಹೋಗಿ ಬಂದೆಯಲ್ಲೇ, ಮತ್ತೇನೇ ನಿನ್ನದು' ಎಂದೆ. ಊಟದ ಹೊತ್ತಿಗೆ ನೀರು ಕೊಟ್ಟರೆ ಲೋಟ ಮುಟ್ಟಲಿಲ್ಲ. 'ಯಾಕೆ' ಎಂದರೆ, 'ಕುಡಿಯದಿದ್ದರೆ ನೀವು ನನ್ನನ್ನು ಎತ್ತುವುದು ತಪ್ಪುತ್ತದೆ, ಆಯಮ್ಮ' ಎಂದಳು. ಬೇಸಿಗೆ, ಬುದ್ಧಿ. ಆಮೇಲೆ ಉಳಿದ ಮಕ್ಕಳ ಕಡೆ ನೋಡಿದೆ. ಯಾರ ಲೋಟವೂ ಖಾಲಿಯಾಗಿರಲಿಲ್ಲ."

ಗುರುಗಳ ಕೈ ನಿಂತಿತು. "ಮೇಲಿನವರಿಗೆ ಹೇಳಿದೆಯಾ?"

"ಸಾಹೇಬರು ಆಗಾಗ ಬರುತ್ತಾರೆ. ಅವರು ಬರುವ ದಿನ ನೆಲ ತೊಳೆದು, ಮಕ್ಕಳಿಗೆ ತಲೆ ಬಾಚಿ ಕೂರಿಸಿರುತ್ತೇನೆ. 'ಹೇಗಿದೆಯಮ್ಮ' ಎನ್ನುತ್ತಾರೆ. 'ಹೇಗೋ ನಡೆಯುತ್ತಿದೆ, ಸಾರ್' ಎನ್ನುತ್ತೇನೆ. ಮಕ್ಕಳು ಎದುರಿಗೇ ಇರುತ್ತವೆ. ಇನ್ನೇನು ಹೇಳಲಿ? ತಾವು ಹೊರೆ ಎಂದು ಅವಕ್ಕೆ ಅನ್ನಿಸಬಾರದಲ್ಲ."

ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಅರಸನಿದ್ದ. ತನ್ನ ಊರಿನಲ್ಲಿ ನಡೆಯಲಾರದವರು ಮನೆಯೊಳಗೇ ಕೊಳೆಯಬಾರದೆಂದು ಒಂದು ಮೇನೆ ಮಾಡಿಸಿದ, ಅದನ್ನು ಹೊರಲು ನಾಲ್ವರನ್ನು ನೇಮಿಸಿದ. ಆ ಊರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಅವಳ ಕಾಲಿಗೆ ಶಕ್ತಿಯಿರಲಿಲ್ಲ, ಕೈಗೆ ಇತ್ತು. ಸಂತೆಯ ದಿನ ಮೇನೆ ಅವಳ ಬಾಗಿಲಿಗೆ ಬರುತ್ತಿತ್ತು. ಅವಳು ಸಂತೆಗೆ ಹೋಗಿ ಬುಟ್ಟಿ ಮಾರಿ ತನ್ನ ಅನ್ನ ತಾನು ಉಣ್ಣುತ್ತಿದ್ದಳು.

ಮೇನೆ ಹೊರುವವರಿಗೆ ಒಂದು ಪದವಿತ್ತು. ಹಿಂದಿನವರಿಗೆ ಹಾದಿ ಕಾಣುವುದಿಲ್ಲ. ಆದ್ದರಿಂದ ಮುಂದಿನವರು ಕಂಡದ್ದನ್ನು ಹಾಡಿ ಹೇಳಬೇಕು, ಹಿಂದಿನವರು ಹಾಡಿಯೇ ಒಪ್ಪಬೇಕು. "ಮುಂದೆ ಕಲ್ಲುಂಟು" ಎಂದು ಇವರು. "ಕಲ್ಲ ಬಲ್ಲೆವು" ಎಂದು ಅವರು. ಪದ ಕೇಳಿದರೆ ಬೀದಿಯವರು ದಾರಿ ಬಿಡುತ್ತಿದ್ದರು. ಪದ ನಿಂತರೆ ಮೇನೆ ಸಂತೆ ಮುಟ್ಟಿತು ಎಂದು ತಿಳಿಯುತ್ತಿದ್ದರು.

ಕಾಲ ಕಳೆಯಿತು. ಹೊರುವವರಲ್ಲಿ ಒಬ್ಬ ತೀರಿಕೊಂಡ. ಒಬ್ಬನಿಗೆ ವಯಸ್ಸಾಯಿತು. ಒಬ್ಬನನ್ನು ಆನೆಯ ಲಾಯಕ್ಕೆ ಎಳೆದುಕೊಂಡರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿದರೆ ಮಂತ್ರಿ, "ಬೊಕ್ಕಸ ತುಂಬಲಿ, ನೋಡೋಣ" ಎಂದ. ಉಳಿದವನು ಒಬ್ಬ. ಒಬ್ಬನಿಂದ ಮೇನೆ ಏಳುವುದಿಲ್ಲ. ಸಂತೆಯ ದಿನ ಅವನು ಬುಟ್ಟಿಗಳನ್ನು ಎದೆಗೆ ಕಟ್ಟಿಕೊಂಡು ಅವಳನ್ನು ಬೆನ್ನ ಮೇಲೆ ಹೊತ್ತು ಹೊರಟ.

ಹೆಂಗಸಿಗೆ ನಾಚಿಕೆಯಾಯಿತು. ಬೀದಿಯ ನಡುವೆ ಮೂಟೆಯ ಹಾಗೆ ಹೋಗುವುದೆಂದರೆ ಏನು? ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅದು ಅವನಿಗೆ ತಿಳಿಯಿತು. ಅವನು ಪದ ಎತ್ತಿದ. ಮುಂದಿನವರ ಸಾಲನ್ನೂ ಅವನೇ ಹಾಡಿದ, ದನಿ ಬದಲಿಸಿ ಹಿಂದಿನವರ ಸಾಲನ್ನೂ ಅವನೇ ಹಾಡಿದ.

ಸೆರಗಿನೊಳಗಿಂದ ಅವಳು ನಕ್ಕಳು. "ಹಿಂದಿನವನು ಸೋಮಾರಿ ಕಣಪ್ಪ. ದನಿಯೇ ಏಳುತ್ತಿಲ್ಲ."

"ಅವನಿಗೆ ಬೆಳಿಗ್ಗೆ ಅಂಬಲಿ ಸಾಲದೆ ಹೋಯಿತು, ಅಕ್ಕ" ಎಂದು ಅವನೂ ನಕ್ಕ.

ಅಂದಿನಿಂದ ಅದೇ ವಾಡಿಕೆಯಾಯಿತು.

ಸಿದ್ಧಮ್ಮ ಬಾಗಿಲ ಕಡೆ ನೋಡಿದಳು. ಮಕ್ಕಳು ಎದ್ದಿರಬಹುದು. ಅಲ್ಲಿ ಅಡುಗೆಯವಳೊಬ್ಬಳೇ ಇದ್ದಾಳೆ, ಅವಳ ಸೊಂಟ ನೆಟ್ಟಗಿಲ್ಲ, ಯಾರನ್ನೂ ಎತ್ತಲಾರಳು. ಆಕೆ ಏಳಲು ಕೈಯೂರಿದಳು. ಆದರೂ ಏಳಲಿಲ್ಲ. ಗುರುಗಳು ಮುಂದುವರಿಸಿದರು.

ಅರಸ ಒಮ್ಮೆ ಕೇಳಿದ, "ನಮ್ಮ ಮೇನೆ ನಡೆಯುತ್ತಿದೆಯೇ?" ಮಂತ್ರಿ ಮಹಡಿಯ ಕಿಟಕಿ ತೆರೆದ. ಬೀದಿಯಿಂದ ಪದ ಕೇಳಿಸಿತು. "ಮುಂದೆ ಕಲ್ಲುಂಟು." "ಕಲ್ಲ ಬಲ್ಲೆವು." ಅರಸನಿಗೆ ತೃಪ್ತಿಯಾಯಿತು. ನೆರೆಯೂರಿನವರು ತಮಗೂ ಮೇನೆ ಬೇಕೆಂದು, ನಾಲ್ಕು ಜನ ಬೇಕೆಂದು ಬಂದಾಗ ಮಂತ್ರಿ ಅವರನ್ನೂ ಅದೇ ಕಿಟಕಿಯ ಬಳಿ ನಿಲ್ಲಿಸಿದ. "ಇಲ್ಲಿ ಒಬ್ಬನಿದ್ದಾನೆ. ಕೇಳಿ, ಎಷ್ಟು ಚೆನ್ನಾಗಿ ನಡೆಯುತ್ತಿದೆ" ಎಂದ. ಅವರು ಒಬ್ಬನನ್ನೇ ಪಡೆದು ಹಿಂತಿರುಗಿದರು.

ಒಂದು ಸಂತೆಯ ದಿನ ಹಳ್ಳ ಇಳಿಯುವಾಗ ಅವನ ಮೊಣಕಾಲು ಕುಸಿಯಿತು. ಕಲ್ಲಿದೆ ಎಂದು ಹಾಡಿದವನೂ ಅವನೇ, ಬಲ್ಲೆ ಎಂದವನೂ ಅವನೇ. ಇಬ್ಬರೂ ಬಂಡೆಯ ಮೇಲೆ ಬಿದ್ದರು. ಅವನ ಉಸಿರು ಹಿಡಿದುಹೋಗಿ ಕೂಗು ಹೊರಡಲಿಲ್ಲ. ಅವಳ ದನಿ ದಡ ಹತ್ತಲಿಲ್ಲ. ಪದ ನಿಂತದ್ದು ಬೀದಿಯವರಿಗೆಲ್ಲ ಕೇಳಿಸಿತು. ಮೇನೆ ಸಂತೆ ಮುಟ್ಟಿತು ಎಂದುಕೊಂಡು ಅವರು ತಮ್ಮ ತಮ್ಮ ಕೆಲಸ ನೋಡಿಕೊಂಡರು. ಸಂತೆ ಮುಗಿಸಿ ಬರುತ್ತಿದ್ದ ವ್ಯಾಪಾರಿಯೊಬ್ಬ ಸಂಜೆಗೆ ಅವರನ್ನು ಕಂಡ. ಹೊತ್ತವನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅವಳ ಬಲಗೈ ಮತ್ತೆ ಬುಟ್ಟಿ ಹೆಣೆಯಲಿಲ್ಲ.

ಅರಸ ಬಂದು ಅವನ ಹಾಸಿಗೆಯ ಬಳಿ ನಿಂತ. "ಒಬ್ಬನೇ ಇದ್ದೇನೆ ಎಂದು ನನಗೇಕೆ ತಿಳಿಸಲಿಲ್ಲ?"

"ಅಕ್ಕನಿಗೆ ನಾಚಿಕೆಯಾಗಬಾರದೆಂದು ಹಾಡುತ್ತಿದ್ದೆ, ಪ್ರಭು" ಎಂದ ಅವನು. "ನಿಮಗೆ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಮ್ಮ ಎದ್ದು ನಿಂತಿದ್ದಳು. ಆಕೆಯ ದನಿ ಏರಿತು.

"ಹಾಗಾದರೆ ಅವನು ಅವಳನ್ನು ಹೊಸ್ತಿಲಲ್ಲೇ ಬಿಟ್ಟುಬಿಡಬೇಕಾಗಿತ್ತೇ, ಬುದ್ಧಿ? ಸಂತೆಗೆ ಹೋಗದಿದ್ದರೆ ಅವಳಿಗೆ ಉಪವಾಸ. ಹೊತ್ತದ್ದೇ ತಪ್ಪಾಯಿತೇ?"

"ಹೊರಬೇಕಾಗಿತ್ತು, ತಾಯಿ. ಹಾಡಬಾರದಾಗಿತ್ತು."