ಓಡದ ರೈಲು

ನಗರ ರೈಲು ಕಚೇರಿಯ ಆ ಗುಮಾಸ್ತನಿಗೆ ಒಂದೇ ಕೆಲಸ. ಖರ್ಚು ಏರಿದಾಗಲೆಲ್ಲ ಗೋಡೆಯ ನಕ್ಷೆಯಿಂದ ಒಂದು ಗುಂಡುಪಿನ್ನು ಕಿತ್ತು, ಕೆಂಪು ದಾರವನ್ನು ಗಿಡ್ಡ ಮಾಡುವುದು. ಕೋಟೆಯಿಂದ ದೊಡ್ಡಾಸ್ಪತ್ರೆಯವರೆಗೆ ಹನ್ನೆರಡು ನಿಲ್ದಾಣ ಅಂತ ಶುರುವಾದ ದಾರಿಯಲ್ಲಿ ಈಗ ಉಳಿದಿದ್ದು ಎರಡೇ.

ಅವತ್ತು ಅಧ್ಯಕ್ಷ ಪಂಪಾಪತಿಯವರು ಮೇಜು ಗುದ್ದಿದರು. "ಖರ್ಚು ಇನ್ನೂ ಇಳೀಬೇಕು ಕಣಯ್ಯಾ! ಆದರೆ ನಿಲ್ದಾಣದ ಅಮೃತಶಿಲೆ, ಕಮಾನು, ಗಡಿಯಾರದ ಗೋಪುರ ಮುಟ್ಟಕೂಡದು. ಸಂಜೆಯೊಳಗೆ ಉಪಾಯ ಹೇಳು. ಇಲ್ಲವಾದರೆ ನಾಳೆಯಿಂದ ಬರಬೇಡ."

ಗುಮಾಸ್ತ ತಲೆ ಕೆರೆದುಕೊಂಡ. "ಸುಲಭ ಸ್ವಾಮಿ. ಎರಡು ನಿಲ್ದಾಣದ ನಡುವೆ ಎಷ್ಟು ದೂರವೋ, ರೈಲನ್ನೂ ಅಷ್ಟೇ ಉದ್ದ ಮಾಡಿಸಿಬಿಡಿ. ಜನ ಈ ತುದೀಲಿ ಹತ್ತಿ, ಒಳಗೇ ನಡೆದು, ಆ ತುದೀಲಿ ಇಳೀತಾರೆ. ರೈಲು ಓಡೋದೇ ಬೇಡ. ಕರೆಂಟೂ ಬೇಡ, ಡ್ರೈವರೂ ಬೇಡ."

ಅಧ್ಯಕ್ಷರು ಬೈಯುತ್ತಾರೆ, ಆಮೇಲೆ ನಾಚಿಕೊಂಡು ಕಮಾನನ್ನಾದರೂ ಕೈಬಿಡುತ್ತಾರೆ ಅಂತ ಅವನ ಎಣಿಕೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ಎದ್ದು ಬಂದು ಬೆನ್ನು ತಟ್ಟಿದರು.

"ಇಷ್ಟು ದಿನ ಎಲ್ಲಿದ್ದೆಯಯ್ಯಾ ನೀನು? ಬೇಗ ಟಿಪ್ಪಣಿ ಬರಿ!"

ಗುಮಾಸ್ತ ಬರೆದ. ಬರೆದು ನಕ್ಷೆಯ ಮುಂದೆ ನಿಂತ. ಕಿತ್ತ ಪಿನ್ನುಗಳ ತೂತುಗಳು ಆಸ್ಪತ್ರೆಯವರೆಗೂ ಸಾಲಾಗಿ ಹಾಗೇ ಇದ್ದವು. ಮಂಡಿನೋವಿನ ಹೆಂಡತಿ ಒಮ್ಮೆ ಕೇಳಿದ್ದಳು, "ನಿಮ್ಮ ರೈಲು ಬಂದರೆ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸೋದು ತಪ್ಪುತ್ತೆ ಅಲ್ವಾ?" ಅಂತ. ಇವನು ಹೂಂ ಅಂದಿದ್ದ.

ಆಸ್ಪತ್ರೆಯ ಪಿನ್ನು ಕಿತ್ತ ದಿನವೂ ಅವನು ಅಧ್ಯಕ್ಷರಿಗೆ ಹೂಂ ಅಂದೇ ಕಿತ್ತಿದ್ದ.